ಟೈಲರಮ್ಮನ ಉಯಿಲು

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಟೈಲರಮ್ಮನ ಅಂಗಡಿಯನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಶಾಲೆಯ ಸಮವಸ್ತ್ರದಿಂದ ಹಿಡಿದು ಮದುವೆಯ ಕೋಟಿನವರೆಗೆ ಮೂರು ತಲೆಮಾರಿನ ಮೈಗೆ ಬಟ್ಟೆ ಹೊಲಿದ ಕೈ ಅವಳದು. ಮೂವತ್ತೆರಡಕ್ಕೇ ಗಂಡನನ್ನು ಕಳೆದುಕೊಂಡಳು. ಆಗ ಮಗನಿಗೆ ಒಂಬತ್ತು, ಮಗಳಿಗೆ ನಾಲ್ಕು. ಗಂಡ ಒಂದು ಸಾಲನ್ನೂ ಬರೆದಿಟ್ಟು ಹೋಗಿರಲಿಲ್ಲ. ಹೀಗಾಗಿ ಬೆಳಿಗ್ಗೆ ಅವಳದಾಗಿದ್ದ ಮನೆ ಸಂಜೆಯ ಹೊತ್ತಿಗೆ ಮೈದುನಂದಿರ ಮನೆಯಾಯಿತು. ಒಂದು ಹೊಲಿಗೆ ಯಂತ್ರ, ಎರಡು ಮಕ್ಕಳು, ಇಷ್ಟನ್ನೇ ಕಟ್ಟಿಕೊಂಡು ಆಚೆ ಬಂದವಳು ಬಾಡಿಗೆಗೆ ಹಿಡಿದ ಅಂಗಡಿಯನ್ನೇ ಮುಂದೆ ಕೊಂಡುಕೊಂಡಳು, ಅದರ ಮೇಲೊಂದು ಮಹಡಿಯನ್ನೂ ಎಬ್ಬಿಸಿದಳು. ‘ಈ ಗೋಡೆಗಳಿಗೆ ಗಾರೆ ಹಾಕಿಲ್ಲ, ಹೊಲಿಗೆ ಹಾಕಿದೀನಿ’ ಎನ್ನುವುದು ಅವಳ ಹಳೆಯ ತಮಾಷೆ.

ಗಂಡ ಹೋದ ಮರುವರ್ಷ ಹತ್ತೊಂಬತ್ತರ ಹುಡುಗಿಯೊಬ್ಬಳು ಒಂದು ವಾರದ ಕೆಲಸಕ್ಕೆಂದು ಬಂದಳು. ಹಿಂದೆ ಮುಂದೆ ಯಾರೂ ಇಲ್ಲದವಳು. ಗುಂಡಿ ತೂರಿಸುವ ಕಾಜಗಳನ್ನು ಕೈಯಲ್ಲೇ ಹೊಲಿಯುತ್ತಿದ್ದಳು. ಅವಳು ಹೊಲಿದ ಕಾಜ ಬಟ್ಟೆ ಹರಿದರೂ ಹರಿಯುತ್ತಿರಲಿಲ್ಲ. ಮಕ್ಕಳು ಅವಳನ್ನು ಕಾಜಕ್ಕ ಎಂದು ಕರೆದರು, ಬೀದಿಯವರಿಗೂ ಅದೇ ಹೆಸರಾಯಿತು. ಆ ಒಂದು ವಾರ ನಲವತ್ತು ವರ್ಷ ದಾಟಿತು. ಮಕ್ಕಳಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಅವಳು, ಶಾಲೆಯ ಬಾಗಿಲಲ್ಲಿ ಕಾದು ನಿಂತವಳು ಅವಳು. ಹೆತ್ತವಳು ಅಲ್ಲದಿದ್ದರೂ ಹೊತ್ತವಳು. ಟೈಲರಮ್ಮ, ಕಾಜಕ್ಕ ಇಬ್ಬರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದರು.

ಮಗ ರೈಲಿನ ಗಾರ್ಡ್ ಆಗಿ ಬೇರೆ ಊರು ಸೇರಿದ. ಮಗಳು ಗಂಡನೊಂದಿಗೆ ಮಹಡಿಯ ಮೇಲೇ ಉಳಿದಳು. ವಯಸ್ಸು ನಲವತ್ತೆಂಟಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಮುಖ್ಯ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಇಪ್ಪತ್ತು ವರ್ಷದಿಂದ ಇನ್ನೊಬ್ಬರ ಅಂಗಡಿಯಲ್ಲಿ ಬೆನ್ನು ಬಗ್ಗಿಸಿದವಳಿಗೆ ಒಂದು ಆಸೆಯಿತ್ತು. ಅಮ್ಮನ ಕಾಲ ಮುಗಿದ ಮೇಲೆ ಕೆಳಗಿನ ಅಂಗಡಿಯಲ್ಲಿ ತನ್ನದೇ ಕನ್ನಡಕದಂಗಡಿ ಇಡಬೇಕು. ಇದನ್ನು ಅವಳು ಒಮ್ಮೆ ಅಮ್ಮನಿಗೆ ಹೇಳಿದ್ದಳು ಕೂಡ. ಅಮ್ಮ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಅಮ್ಮನಿಗೆ ಎಪ್ಪತ್ತಾರು ತುಂಬಿದ ವರ್ಷ ಒಂದು ಕೋಟಿಗೆ ಎರಡೂ ಎಡತೋಳು ಕತ್ತರಿಸಿಬಿಟ್ಟಳು. ಮೊದಲು ಎಲ್ಲರೂ ನಕ್ಕರು. ಆಮೇಲೆ ಗಿರಾಕಿಗಳ ಹೆಸರು ಜಾರತೊಡಗಿತು, ಕತ್ತರಿ ಕೈಯಲ್ಲೇ ಇದ್ದರೂ ಕತ್ತರಿ ಎಲ್ಲಿ ಎಂದು ಹುಡುಕತೊಡಗಿದಳು. ಡಾಕ್ಟರು ಮರೆವಿನ ಕಾಯಿಲೆ ಎಂದರು. ಬೆಳಗಿನ ಹೊತ್ತು ಅವಳು ಹಳೆಯ ಟೈಲರಮ್ಮನೇ. ಹೊತ್ತು ಇಳಿದಂತೆ ತಲೆಯಲ್ಲಿ ಮಬ್ಬು ಕವಿಯುತ್ತಿತ್ತು. ಸಂಜೆ ದೀಪ ಹಾಕುವ ಹೊತ್ತಿಗೆ, ಸತ್ತು ನಲವತ್ತು ವರ್ಷ ದಾಟಿದ ಗಂಡ ಇನ್ನೂ ಯಾಕೆ ಬಂದಿಲ್ಲ ಎಂದು ಬಾಗಿಲು ನೋಡುತ್ತಿದ್ದಳು.

ಕಾಯಿಲೆಯ ಹೆಸರು ಕೇಳಿದ ಮರುದಿನವೇ ಅಮ್ಮ ಮಗಳನ್ನು ಕೂರಿಸಿಕೊಂಡು, ತಲೆ ಪೂರ್ತಿ ಕೈಕೊಡುವುದರೊಳಗೆ ಉಯಿಲು ಮಾಡಿಸಬೇಕು, ವಕೀಲರನ್ನು ನೋಡು ಎಂದಳು. ಅಂಥ ಮಾತೆಲ್ಲ ಈಗ ಯಾಕೆ, ಬಿಡ್ತು ಅನ್ನು ಎಂದು ಪುಟ್ಟಿ ತೇಲಿಸಿದಳು. ಅಮ್ಮ ಬಿಡಲಿಲ್ಲ.

“ಉಯಿಲು ಬರೆದ್ರೆ ಸಾಯ್ತಾರೆ ಅನ್ನೋದಾದ್ರೆ, ಬರೀದೇ ಇದ್ದೋರೆಲ್ಲ ಎಲ್ಲಿ ಬದುಕಿದಾರೆ, ತೋರಿಸು ನೋಡೋಣ. ನಿಮ್ಮಪ್ಪ ಬರೀಲಿಲ್ಲ. ಏನಾಯ್ತು ಅಂತ ನಿನಗೆ ಗೊತ್ತಿಲ್ವಾ?”

ವಕೀಲೆ ಇನ್ನೂ ಚಿಕ್ಕ ವಯಸ್ಸಿನವಳು. ಮೆಟ್ಟಿಲು ಹತ್ತಲಾರದ ಅಮ್ಮನಿಗಾಗಿ ಮೇಲಿನ ಕಚೇರಿಯಿಂದ ತಾನೇ ಕೆಳಗಿಳಿದು ಬಂದು ಗುಮಾಸ್ತನ ಮೇಜಿನ ಮುಂದೆಯೇ ಕೂತಳು. ಬೆಳಗಿನ ಹತ್ತು ಗಂಟೆ. ಅಮ್ಮ ಬಟ್ಟೆ ಬೆಲೆ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಮಹಡಿ ಮಗನಿಗೂ ಮಗಳಿಗೂ ಸಮಪಾಲು. ಕೆಳಗಿನ ಅಂಗಡಿ, ಅದರ ಹಿಂದಿನ ಕೋಣೆ, ಯಂತ್ರಗಳು ಎಲ್ಲ ಕಾಜಳಿಗೆ.

ಪುಟ್ಟಿ ಅದನ್ನು ಕೇಳಿದ್ದು ಅದೇ ಮೊದಲು. ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡುತ್ತ ಕೂತಳು. ಕಾಜಕ್ಕನನ್ನು ಯಾರೂ ಬೀದಿಗೆ ತಳ್ಳುತ್ತಿರಲಿಲ್ಲವಲ್ಲ, ತಾನೇ ನೋಡಿಕೊಳ್ಳುತ್ತಿದ್ದೆನಲ್ಲ ಎಂದು ಅವಳ ಒಳಗೆ ಒಂದು ಮಾತು ಎದ್ದಿತು. ಬದುಕಿರುವವರೆಗೆ ಕಾಜಕ್ಕ ಅಂಗಡಿಯನ್ನು ಅನುಭವಿಸಲಿ, ಆಮೇಲೆ ಅದು ಮಕ್ಕಳಿಗೆ ಬರಲಿ, ಹಾಗೂ ಬರೆಯಬಹುದು ಎಂದು ವಕೀಲೆ ಸೂಚಿಸಿದಳು. ಅಮ್ಮ ತಲೆಯಾಡಿಸಿದಳು.

“ಅದು ದಾನ ಆಗುತ್ತೆ ತಾಯಿ. ನಾನು ಕೊಡ್ತಿರೋದು ದಾನ ಅಲ್ಲ, ಅವಳ ಪಾಲು.”

ವಕೀಲೆ ಬರೆದುಕೊಂಡಳು. ಕಾಯಿಲೆಯ ವಿಷಯ ತಿಳಿದ ಮೇಲೆ, ಒಂದು ಕೆಲಸ ಆಗಲೇಬೇಕು ಎಂದಳು. ತನ್ನ ಆಸ್ತಿ ಏನು, ತನ್ನವರು ಯಾರು, ತಾನು ಮಾಡುತ್ತಿರುವುದೇನು ಎಂಬುದು ಇವರಿಗೆ ತಿಳಿದಿದೆ ಎಂದು ಮನೋವೈದ್ಯರೊಬ್ಬರು ಬರೆದುಕೊಡಬೇಕು. ಇಲ್ಲದಿದ್ದರೆ ನಾಳೆ ಯಾರು ಬೇಕಾದರೂ ಈ ಕಾಗದವನ್ನು ಪ್ರಶ್ನಿಸಬಹುದು. ಕಾಗದವೇ ಇಲ್ಲದಿದ್ದರಂತೂ ಕಾನೂನಿಗೆ ಕಾಣುವುದು ರಕ್ತಸಂಬಂಧ ಒಂದೇ. ನಲವತ್ತಮೂರು ವರ್ಷದ ಕಾಜಕ್ಕ ಅದರ ಲೆಕ್ಕದಲ್ಲಿ ಯಾರೂ ಅಲ್ಲ.

ಆಸ್ಪತ್ರೆಯಲ್ಲಿ ಸಮಯ ಗೊತ್ತುಮಾಡಲು ಪುಟ್ಟಿಯೇ ಹೋದಳು. ಕೌಂಟರಿನ ಹೆಂಗಸು ಪುಸ್ತಕ ತಿರುವಿ, ಗುರುವಾರ ಬೆಳಿಗ್ಗೆ ಹನ್ನೊಂದು ಖಾಲಿ ಇದೆ, ಸಂಜೆ ಐದೂ ಖಾಲಿ ಇದೆ, ಯಾವುದು ಬರೆಯಲಿ ಎಂದು ಕೇಳಿದಳು. ಪುಟ್ಟಿ ಸಂಜೆ ಐದು ಎಂದಳು. ಬೆಳಿಗ್ಗೆ ರಜೆ ಕೇಳಿದರೆ ಯಜಮಾನರು ಮುಖ ಗಂಟು ಹಾಕುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ಯಜಮಾನರು ಇಪ್ಪತ್ತು ವರ್ಷದಲ್ಲಿ ಅವಳು ಕೇಳಿದ ರಜೆಯನ್ನು ಒಮ್ಮೆಯೂ ಇಲ್ಲವೆಂದಿರಲಿಲ್ಲ.

ಗುರುವಾರದವರೆಗೂ ಕಾಜಕ್ಕ ಅಮ್ಮನಿಗೆ ಪಾಠ ಹೇಳಿದಳು. ಪರೀಕ್ಷೆ ಯಾಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಮರೆವು ಎಷ್ಟಿದೆ ನೋಡುತ್ತಾರಂತೆ ಎಂದಷ್ಟೇ ಗೊತ್ತು. ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಲ್ಲೇ ಗೋಡೆಯ ಮೇಲೆ ತಾರೀಕು, ವಾರ, ವರ್ಷ ಬರೆದಿಟ್ಟಳು. ನೂರರಿಂದ ಏಳೇಳು ಕಳೆಯುತ್ತ ಬರಬೇಕಂತೆ ಎಂದು ಯಾರೋ ಹೇಳಿದ್ದಕ್ಕೆ, ಇಬ್ಬರೂ ಅಳತೆ ಟೇಪು ಹಿಡಿದು ಏಳೇಳು ಇಂಚು ಹಿಂದೆ ಸರಿಯುತ್ತ ಎಣಿಸಿದರು. ಪುಟ್ಟಿ ಮೆಟ್ಟಿಲ ಮೇಲೆ ನಿಂತು ಅದನ್ನೆಲ್ಲ ನೋಡಿದಳು.

ಸಂಜೆ ಐದಕ್ಕೆ ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. ಅವರು ಬಂದರಾ ಎಂದು ಮೂರು ಸಲ ಕೇಳಿದಳು. ಒಳಗೆ ಡಾಕ್ಟರು ತಾರೀಕು ಕೇಳಿದರು, ಬರಲಿಲ್ಲ. ಮಕ್ಕಳೆಷ್ಟು ಎಂದರೆ ಒಬ್ಬ ಎಂದಳು. ಮನೆ ಯಾರದು ಎಂದರೆ ಮೈದುನನದು ಎಂದಳು. ಆಮೇಲೆ ಡಾಕ್ಟರ ಭುಜದ ಅಗಲವನ್ನು ಕಣ್ಣಲ್ಲೇ ಅಳೆದು, ನಿಮ್ಮ ಕೋಟು ಶನಿವಾರ ಸಿಗುತ್ತೆ, ಗುಂಡಿ ಒಂದು ಬಾಕಿ ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಇವರು ಯಾವಾಗಲೂ ಹೀಗೇ ಇರುತ್ತಾರಾ ಎಂದು ಪುಟ್ಟಿಯನ್ನು ಕೇಳಿದರು.

“ಹೆಚ್ಚುಕಡಿಮೆ ಹೀಗೇ,” ಎಂದಳು ಪುಟ್ಟಿ.

ಹಾಗಾದರೆ ನಾನು ಬರೆದುಕೊಡುವುದು ಸಾಧ್ಯವಿಲ್ಲ, ನಾಳೆ ವಕೀಲರಿಗೆ ಪತ್ರ ಕಳಿಸುತ್ತೇನೆ ಎಂದು ಅವರು ಬೇಸರದಿಂದಲೇ ಹೇಳಿದರು. ಮನೆಗೆ ಬರುವ ದಾರಿಯುದ್ದಕ್ಕೂ ಪುಟ್ಟಿಯ ಎದೆ ಹಗುರವಾಗಿತ್ತು. ಅಂಗಡಿಯ ಬಾಗಿಲು ದಾಟುವಾಗ, ಗಾಜಿನ ಕಪಾಟು ಎಡಗೋಡೆಗೆ ಚೆನ್ನೋ ಬಲಗೋಡೆಗೆ ಚೆನ್ನೋ ಎಂದು ಅವಳ ಕಣ್ಣು ತಾನಾಗಿ ಲೆಕ್ಕ ಹಾಕಿತು. ಕಾಜಕ್ಕ ಬಗ್ಗಿ ಅಮ್ಮನ ಚಪ್ಪಲಿ ಬಿಚ್ಚುತ್ತಿದ್ದಳು. ಏನಾಯಿತು ಎಂದು ಕೇಳಿ ತಿಳಿದ ಮೇಲೆ, ತಪ್ಪು ಹುಡುಕುವ ದನಿಯಲ್ಲಿ ಅಲ್ಲ, ಪಾಠ ಹೇಳಿಕೊಟ್ಟವಳ ಸಂಕಟದಲ್ಲಿ ಹೇಳಿದಳು:

“ಬೆಳಿಗ್ಗೆ ಕರ್ಕೊಂಡು ಹೋಗಬಹುದಿತ್ತಲ್ಲ ಪುಟ್ಟಿ. ಬೆಳಿಗ್ಗೆ ಅಕ್ಕ ನನಗಿಂತ ಚುರುಕು.”

ಮರುದಿನ ಏಳು ಗಂಟೆಗೆ ಪುಟ್ಟಿ ಕೆಳಗಿಳಿದು ಬಂದಾಗ ಅಮ್ಮ ಮೇಜಿನ ಮೇಲೆ ಬೂದು ಬಟ್ಟೆ ಹಾಸಿ ಗೆರೆ ಎಳೆಯುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ಕಾಜಕ್ಕ ಹಾಲು ತರಲು ಹೋಗಿದ್ದಳು. ಅಮ್ಮ ತಲೆ ಎತ್ತದೆಯೇ ಕೇಳಿದಳು:

“ನಿನ್ನೆ ನಾನು ನಪಾಸಾದ್ನಾ?”

“ಹೂಂ ಅಮ್ಮ.”

“ಸಂಜೆ ಹೊತ್ತು ಯಾಕೆ ಕರ್ಕೊಂಡು ಹೋದೆ?”

ರಜೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪುಟ್ಟಿ ಅದನ್ನು ಆಡಲಾರದೆ ನಿಂತಳು. ಅಮ್ಮ ಸೀಮೆಸುಣ್ಣ ಹಿಡಿದ ಕೈಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಕಾದಳು. ಬೀದಿಯಲ್ಲಿ ಯಾರೋ ಕಸದ ಡಬ್ಬ ಎಳೆದುಕೊಂಡು ಹೋದ ಸದ್ದು. ಉತ್ತರ ಬರುವುದಿಲ್ಲ ಎಂದು ತಿಳಿದ ಮೇಲೆ, ಸರಿ ಎಂದಷ್ಟೇ ಅಂದು ಗೆರೆ ಮುಂದುವರಿಸಿದಳು. ಬೈದಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು. ಆ ‘ಸರಿ’ಯನ್ನು ತಡೆದುಕೊಳ್ಳಲು ಆಗಲಿಲ್ಲ. ಮಹಡಿಗೆ ಹೋಗಿ ಯಜಮಾನರಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದಳು. ಆಮೇಲೆ ಅಮ್ಮನಿಗೆ ಸೀರೆ ಬದಲಿಸಿ, ಆಟೋ ಹಿಡಿದು ಆಸ್ಪತ್ರೆಗೆ ಹೊರಟಳು.

ಸಮಯ ಗೊತ್ತುಮಾಡದೆ ಬಂದವರನ್ನು ಕೌಂಟರಿನ ಹೆಂಗಸು ಒಳಗೆ ಬಿಡಲಿಲ್ಲ. ಒಂಬತ್ತಕ್ಕೆ ಡಾಕ್ಟರು ಬಂದಾಗ ಪುಟ್ಟಿ ಬಾಗಿಲಲ್ಲೇ ಅಡ್ಡ ನಿಂತಳು.

“ನಿನ್ನೆ ನಾನು ಹೇಳಿದ್ದು ಸುಳ್ಳು ಸಾರ್. ಬೆಳಿಗ್ಗೆ ಅಮ್ಮ ಹಾಗಿರಲ್ಲ. ಅದು ನನಗೆ ಗೊತ್ತಿತ್ತು.”

ಡಾಕ್ಟರು ಕೋಣೆಯ ಬಾಗಿಲು ತೆರೆದರು. ಯಾಕೆ ಎಂದು ಕೇಳಲಿಲ್ಲ. ಅಮ್ಮನನ್ನು ಒಳಗೆ ಕಳಿಸಿ, ನೀವು ಈ ಸಲ ಹೊರಗಿರಿ ಎಂದರು. ಬಾಗಿಲು ಮುಚ್ಚಿತು. ನಲವತ್ತು ನಿಮಿಷ ಪುಟ್ಟಿ ಅದೇ ಬೆಂಚಿನ ಮೇಲೆ ಕೂತಿದ್ದಳು. ಅಮ್ಮ ಹೊರಬಂದಾಗ ಅವಳ ಕೈಯಲ್ಲಿ ಕಾಗದವಿತ್ತು. ಏನು ಕೇಳಿದರು ಎಂದರೆ, ಕೇಳಿದ್ದು ಕೇಳಿದರು ಹೇಳಿದ್ದು ಹೇಳಿದೆ, ನಡಿ ಎಂದಳು.

ಅಂದೇ ಮಧ್ಯಾಹ್ನದೊಳಗೆ ಸಹಿಯಾಯಿತು. ಉಯಿಲಿನಿಂದ ಏನಾದರೂ ಪಡೆಯುವವರು ಸಾಕ್ಷಿ ಹಾಕುವಂತಿಲ್ಲವಾದ್ದರಿಂದ ಎದುರಿನ ಔಷಧಿ ಅಂಗಡಿಯವನೂ ನಿವೃತ್ತ ಅಂಚೆಯವನೂ ಬಂದರು. ಇಬ್ಬರೂ ಅಮ್ಮ ಹೊಲಿದ ಅಂಗಿಯನ್ನೇ ತೊಟ್ಟಿದ್ದರು. ಕೊನೆಗೆ ವಕೀಲೆ ಇನ್ನೊಂದು ಕೇಳಿದಳು. ನಾಳೆ ನೀವು ಮಾತಾಡಲಾರದ ಸ್ಥಿತಿಗೆ ಬಂದರೆ, ಆಸ್ಪತ್ರೆಯಲ್ಲಿ ನಿಮ್ಮ ಪರವಾಗಿ ತೀರ್ಮಾನ ಮಾಡುವವರು ಯಾರು? ಅದನ್ನೂ ಈಗಲೇ ಬರೆದಿಡುವುದು ಒಳ್ಳೆಯದು. ಅಮ್ಮ ಯೋಚಿಸಲೇ ಇಲ್ಲ, ಪುಟ್ಟಿ ಎಂದಳು. ಮೂಗಿಗೆ ನಳಿಗೆ ಹಾಕಿ ಉಳಿಸುವುದು ಬೇಡ, ಅವಳಿಗೆ ತಿಳಿಯುತ್ತೆ ಎಂದಳು. ಪುಟ್ಟಿ ಆ ಕಾಗದಕ್ಕೆ ಸಹಿ ಮಾಡುವಾಗ ತಲೆ ಎತ್ತಲಿಲ್ಲ. ಉಯಿಲಿನಲ್ಲಿ ಇರುವುದನ್ನು ತಾನು ಹೋದ ಮೇಲೆಯೇ ಮಗನಿಗೂ ಕಾಜಳಿಗೂ ತಿಳಿಸಬೇಕು ಎಂದು ಅಮ್ಮ ಮಾತು ತೆಗೆದುಕೊಂಡಳು.

ಆಮೇಲೆ ಅವಳು ಎರಡು ವರ್ಷ ಬದುಕಿದಳು. ಬೆಳಗುಗಳೂ ಒಂದೊಂದಾಗಿ ಮಬ್ಬಾದವು. ಮೊದಲು ಮಗನ ಹೆಸರು ಹೋಯಿತು, ಆಮೇಲೆ ಮಗಳದು. ಪುಟ್ಟಿಯನ್ನು ಕಂಡರೆ, ಅಳತೆ ಕೊಡಲು ಬಂದಿರಾ ಎಂದು ಕೇಳುತ್ತಿದ್ದಳು. ಕಾಜಕ್ಕನ ಹೆಸರೂ ಹೋಯಿತು. ಆದರೆ ಉಣ್ಣಿಸುವಾಗ ಕಾಜಕ್ಕನ ಕೈ ಬಿಟ್ಟು ಬೇರೆ ಕೈಗೆ ಬಾಯಿ ತೆರೆಯುತ್ತಿರಲಿಲ್ಲ. ಕೊನೆಗೆ ನುಂಗುವುದೇ ನಿಂತಾಗ, ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬಹುದು ಎಂದು ಆಸ್ಪತ್ರೆಯವರು ಹೇಳಿದರು. ಅಣ್ಣ ಹಾಕಿಸೋಣ ಎಂದ, ತಾಯಿಯನ್ನು ಹಸಿವಿನಲ್ಲಿ ಹೇಗೆ ಬಿಡುವುದು ಎಂದು ಬಿಕ್ಕಿದ. ಪುಟ್ಟಿ ಕಾಗದವನ್ನು ಅವನ ಕೈಗಿಟ್ಟಳು. ಅದರಲ್ಲಿದ್ದದ್ದು ಅಮ್ಮನದೇ ಮಾತು. ಅವನು ಎರಡು ಸಲ ಓದಿ ಮಡಚಿ ವಾಪಸು ಕೊಟ್ಟ. ಆ ವಾರವೇ ಅಮ್ಮ ಹೋದಳು. ಅವಳ ಅಂಗೈ ಕಾಜಕ್ಕನ ಅಂಗೈಯೊಳಗಿತ್ತು.

ಎರಡು ವಾರ ಕಳೆದ ಮೇಲೆ ಅಣ್ಣತಂಗಿ ವಕೀಲೆಯ ಮುಂದೆ ಕೂತರು. ಅಣ್ಣ ಕೆಟ್ಟವನಲ್ಲ. ಆದರೆ ಅಂಗಡಿ ಕಾಜಕ್ಕನಿಗೆ ಎಂಬ ಸಾಲು ಕೇಳಿದಾಗ ಅವನ ಮುಖ ಬಿಗಿಯಾಯಿತು. ಮರೆವಿನ ಕಾಯಿಲೆ ಇದ್ದವರ ಸಹಿಗೆ ಏನು ಬೆಲೆ, ಯಾರೋ ಹೇಳಿಕೊಟ್ಟು ಹಾಕಿಸಿದ್ದಿರಬೇಕು, ಇದನ್ನು ಹೀಗೇ ಬಿಡುವುದಿಲ್ಲ ಎಂದ. ವಕೀಲೆ ವಾದ ಮಾಡಲಿಲ್ಲ. ಡಾಕ್ಟರ ಪತ್ರದ ಜೊತೆಗಿದ್ದ ಮೂರು ಹಾಳೆಗಳನ್ನು ಅವನ ಮುಂದೆ ಸರಿಸಿದಳು. ಅಂದು ಬೆಳಿಗ್ಗೆ ಕೇಳಿದ ಒಂದೊಂದು ಪ್ರಶ್ನೆಯನ್ನೂ ಅಮ್ಮ ಕೊಟ್ಟ ಉತ್ತರವನ್ನೂ ಡಾಕ್ಟರು ಇದ್ದ ಹಾಗೆಯೇ ಬರೆದಿಟ್ಟಿದ್ದರು. ಪುಟ್ಟಿಯೂ ಅದನ್ನು ನೋಡಿರಲಿಲ್ಲ. ಅಣ್ಣ ಗಟ್ಟಿಯಾಗಿ ಓದತೊಡಗಿದ.

ಇವತ್ತು ಎಷ್ಟನೇ ತಾರೀಕು ಎಂಬ ಪ್ರಶ್ನೆಗೆ ಅಮ್ಮನ ಉತ್ತರ ಹೀಗಿತ್ತು: “ಗೊತ್ತಿಲ್ಲ ಡಾಕ್ಟ್ರೇ. ತಾರೀಕು ನನ್ನ ಆಸ್ತಿ ಅಲ್ಲ, ಅದನ್ನ ನಾನು ಯಾರಿಗೂ ಬರೆದುಕೊಡ್ತಿಲ್ಲ.”

ಅಣ್ಣನಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದ, ಆಗಲಿಲ್ಲ. ಅಮ್ಮನ ದನಿ ಆ ಕೋಣೆಯಲ್ಲೇ ಕೇಳಿದಂತಾಯಿತು. ಮುಂದಿನದನ್ನು ಓದಿದ. ಅಂಗಡಿಯ ಉದ್ದ ಅಗಲ ಅಡಿ ಇಂಚಿನಲ್ಲಿ. ಮಕ್ಕಳಿಬ್ಬರು, ಮಗ ರೈಲಿನ ಗಾರ್ಡ್, ಚಿಕ್ಕಂದಿನಲ್ಲಿ ಯಂತ್ರದ ಪೆಡಲಿನ ಮೇಲೆ ಕೂತು ರೈಲಾಟ ಆಡುತ್ತಿದ್ದವನು. ಮಕ್ಕಳಿದ್ದೂ ಅಂಗಡಿಯನ್ನು ಹೊರಗಿನವಳಿಗೆ ಯಾಕೆ ಕೊಡುತ್ತೀರಿ ಎಂದು ಡಾಕ್ಟರು ಕೇಳಿದ್ದರು. ಅವಳು ಒಳಗಿನವಳು, ಕಾಗದಕ್ಕೆ ಮಾತ್ರ ಹೊರಗಿನವಳು ಎಂದು ಉತ್ತರವಿತ್ತು. ಮಕ್ಕಳು ತನ್ನನ್ನು ಬಿಟ್ಟು ಬದುಕಬಲ್ಲರು, ಕಾಜ ತಾನಿಲ್ಲದೆ ಈ ಬಾಗಿಲಲ್ಲಿ ನಿಲ್ಲಲೂ ಹಕ್ಕಿಲ್ಲದವಳಾಗುತ್ತಾಳೆ ಎಂದಿತ್ತು. ಓದುತ್ತ ಓದುತ್ತ ಅಣ್ಣನ ದನಿ ತಗ್ಗಿತು.

ಕೊನೆಯ ಪ್ರಶ್ನೆ: ಹೀಗೇ ಮಾಡಬೇಕು ಎಂದು ನಿಮ್ಮನ್ನು ಯಾರಾದರೂ ಒತ್ತಾಯಿಸಿದರಾ?

“ಇಲ್ಲ. ಇದು ನನ್ನ ಮಗಳಿಗೆ ಇಷ್ಟ ಇಲ್ಲ. ಇದರಿಂದ ಅವಳಿಗೆ ನಷ್ಟ. ಆದರೂ ನನ್ನನ್ನ ಕರ್ಕೊಂಡು ಬಂದವಳು ಅವಳೇ. ಅದನ್ನೂ ಬರ್ಕೊಳ್ಳಿ.”

ಅಣ್ಣ ಹಾಳೆಯನ್ನು ಕೆಳಗಿಟ್ಟು ತಂಗಿಯ ಕಡೆ ತಿರುಗಿದ. ಪುಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಮ್ಮ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಆಮೇಲೆ ಆ ಪರೀಕ್ಷೆಯ ಹಿಂದಿನ ಸಂಜೆಯ ಕಥೆಯನ್ನೆಲ್ಲ ಅವಳು ಅಣ್ಣನಿಗೆ ಹೇಳಿದಳು, ಡಾಕ್ಟರಿಗೆ ಆಡಿದ ಸುಳ್ಳನ್ನೂ ಬಿಡಲಿಲ್ಲ. ಬುದ್ಧಿ ಹೇಳುವುದಕ್ಕೆ ನನಗೇನು ಅರ್ಹತೆ, ನಾನೂ ಈಗ ತಾನೇ ಅದನ್ನೇ ಮಾಡಹೊರಟಿದ್ದೆ ಎಂದ ಅಣ್ಣ. ವಕೀಲೆ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಎದ್ದ.

ಇಬ್ಬರೂ ಮನೆಗೆ ಬಂದಾಗ ಅಂಗಡಿಯ ಬಾಗಿಲು ತೆರೆದಿತ್ತು. ನೆಲ ಗುಡಿಸಿ ಒರೆಸಿತ್ತು. ಹೊಲಿದು ಮುಗಿದ ಬಟ್ಟೆಗಳಿಗೆಲ್ಲ ಹೆಸರಿನ ಚೀಟಿ ಚುಚ್ಚಿತ್ತು. ಯಂತ್ರಗಳಿಗೆ ಎಣ್ಣೆ ಬಿಟ್ಟು ಮುಸುಕು ಹಾಕಿತ್ತು. ಬಾಗಿಲ ಪಕ್ಕದಲ್ಲಿ ಒಂದೇ ಒಂದು ಬಟ್ಟೆಯ ಚೀಲ, ನಲವತ್ತೈದು ವರ್ಷದ ಸಂಸಾರ ಅದರಲ್ಲಿ ಹಿಡಿದಿತ್ತು. ಕಾಜಕ್ಕ ಸ್ಟೂಲಿನ ಮೇಲೆ ಕೂತಿದ್ದವಳು ಅವರನ್ನು ಕಂಡು ಎದ್ದು ನಿಂತಳು. ಕೀಲಿಕೈ ಗೊಂಚಲನ್ನು ಮೇಜಿನ ಮೇಲಿಟ್ಟಳು.

“ಮೂರು ಕೋಟು ಉಳಿದಿವೆ. ಎರಡು ದಿನ ಟೈಮ್ ಕೊಟ್ರೆ ಮುಗಿಸಿಕೊಟ್ಟೇ ಹೋಗ್ತೀನಿ. ಅಕ್ಕನ ಹೆಸರಿಗೆ ಮಾತು ಬರಬಾರದು.”

ಪುಟ್ಟಿ ಬಾಗಿಲ ಪಕ್ಕದ ಚೀಲವನ್ನು ಎತ್ತಿ ಹಿಂದಿನ ಕೋಣೆಯೊಳಗೆ ಇಟ್ಟಳು. ಮಾತಾಡಿದವನು ಅಣ್ಣ. ಕೀಲಿಗೊಂಚಲನ್ನು ಎತ್ತಿ ಕಾಜಕ್ಕನ ಕೈಗೆ ಹಾಕಿದ.

“ಅಂಗಡಿ ನಿಂದು ಕಾಜಕ್ಕ. ಅಮ್ಮ ಬರೆದಿದ್ದಾಳೆ.”

ಅವಳಿಗೆ ಅರ್ಥವಾಗಲಿಲ್ಲ. ಓದಿ ಹೇಳು ಎಂದಳು. ಅಣ್ಣ ಓದಿದ. ಇನ್ನೊಂದು ಸಲ, ನಿಧಾನ ಎಂದಳು. ಅವನು ಇನ್ನೊಂದು ಸಲ ಓದಿದ. ತನ್ನ ನಿಜವಾದ ಹೆಸರು ಆ ಕಾಗದದಲ್ಲಿ ಎಲ್ಲಿದೆ ತೋರಿಸು ಎಂದು ಕೇಳಿ, ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಬೆರಳನ್ನು ಅದರ ಮೇಲಿಟ್ಟು ನಿಂತಳು. ಆ ಹೆಸರನ್ನು ಯಾರೂ ಕೂಗಿ ಎಷ್ಟೋ ವರ್ಷವಾಗಿತ್ತು. ಅವಳು ಅಳಲಿಲ್ಲ. ಸ್ಟೂಲಿನ ಮೇಲೆ ಕೂತು ಒಂದು ಲೋಟ ನೀರು ಕೇಳಿದಳು. ಕುಡಿದ ಮೇಲೆ, ಹಾಗಾದರೆ ಆ ಬೂದು ಕೋಟಿನವರು ಸೋಮವಾರ ಬರುತ್ತಾರೆ, ಅಷ್ಟರಲ್ಲಿ ಮುಗಿಸಬೇಕು ಎಂದಳು.

ಕನ್ನಡಕದಂಗಡಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಪುಟ್ಟಿ ಎಂದಿನಂತೆ ಮುಖ್ಯ ರಸ್ತೆಗೆ ಕೆಲಸಕ್ಕೆ ಹೋದಳು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ಕಾಜಕ್ಕನ ಎದುರು ಕೂತು ಆ ಸಂಜೆ ಐದು ಗಂಟೆಯನ್ನು ತಾನು ಯಾಕೆ ಆರಿಸಿದೆ ಎಂಬುದನ್ನು ಬಿಡಿಸಿ ಹೇಳಿದಳು. ಹೇಳದಿದ್ದರೂ ನಡೆಯುತ್ತಿತ್ತು, ಕಾಜಕ್ಕನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಕಾಜಕ್ಕ ಕೈಯಲ್ಲಿದ್ದ ಕಾಜವನ್ನು ಪೂರ್ತಿ ಮುಗಿಸಿ, ದಾರ ಕಡಿದು, ಆಮೇಲೆ ಮಾತಾಡಿದಳು.

“ಒಂದು ಸಂಜೆ ತಾನೇ. ಮರುದಿನ ಹೋದೆಯಲ್ಲ.”

ಅಷ್ಟು ಹೇಳಿ ಇನ್ನೊಂದು ಬಟ್ಟೆ ಎತ್ತಿಕೊಂಡಳು. ಸೂಜಿಗೆ ದಾರ ಪೋಣಿಸುತ್ತ, ಕಣ್ಣು ಈಚೆಗೆ ಸರಿಯಾಗಿ ಕಾಣುತ್ತಿಲ್ಲ, ನಾಳೆ ನಿಮ್ಮ ಅಂಗಡಿಗೆ ಬಂದರೆ ಪರೀಕ್ಷೆ ಮಾಡಿಸುತ್ತೀಯಾ ಎಂದು ಕೇಳಿದಳು. ಪುಟ್ಟಿ ಹೂಂ ಎಂದಳು.